ವಾಸನೆಯೇ ಹತ್ತದ ಅಪ್ಪನಿಗೆ ಮಗುವಿನ ಮೇಲೆ ಮಮತೆ ಬರುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ಮೂರು ಸಲ ಓದಿದೆ. 2021ರ ಎರಡನೇ ಅಲೆಯಲ್ಲಿ ಕೋವಿಡ್ ಬಂದುಹೋದ ಮೇಲೆ ನಿಮ್ಮ ಮೂಗಿಗೆ ವಾಸನೆ ಹತ್ತುವುದೇ ಹೆಚ್ಚುಕಡಿಮೆ ನಿಂತುಹೋಗಿದೆ. ಈಗ ಮೈಸೂರಿನ ನಿಮ್ಮ ಮನೆಯಲ್ಲಿ ಹತ್ತೊಂಬತ್ತು ದಿನದ ಮಗಳಿದ್ದಾಳೆ. ಬಂದವರೆಲ್ಲ ಅವಳ ನೆತ್ತಿ ಮೂಸಿ ‘ಆಹಾ’ ಅನ್ನುತ್ತಾರೆ, ನೀವೂ ಮೂಸಿ ‘ಹೌದು’ ಅನ್ನುತ್ತೀರಿ, ಆದರೆ ನಿಮಗೇನೂ ಗೊತ್ತಾಗುವುದಿಲ್ಲ. ಇಲಿಗಳಲ್ಲಿ ವಾಸನೆ, ಹಾರ್ಮೋನು ಎರಡೂ ಸೇರಿದರೆ ಮಾತ್ರ ಮಮತೆ ಹುಟ್ಟುತ್ತದೆ ಎಂದು ಎಲ್ಲೋ ಓದಿದಾಗಿನಿಂದ ನಿದ್ದೆ ಬರುತ್ತಿಲ್ಲ ಎಂದಿದ್ದೀರಿ. ನನ್ನಲ್ಲಿ ಆ ದಾರಿಯೇ ಮುಚ್ಚಿಹೋಗಿದೆಯಾ, ಹೆಂಡತಿಗೆ ಇನ್ನೂ ಹೇಳಿಲ್ಲ, ಹೇಳಲಾ ಬೇಡವಾ ಎಂದು ಕೇಳಿದ್ದೀರಿ.

ಮುಚ್ಚಿಲ್ಲ. ಇದನ್ನು ಬರೀ ಸಮಾಧಾನಕ್ಕೆ ಹೇಳುತ್ತಿಲ್ಲ. ನೀವು ಅರ್ಧ ಓದಿ ಬಿಟ್ಟ ಆ ಇಲಿ ಸಂಶೋಧನೆಯನ್ನು ಕೊನೆಯವರೆಗೆ ಓದಿದರೆ ಅದು ನಿಮ್ಮ ಭಯಕ್ಕೆ ಪೂರಾ ಎದುರಾದ ಮಾತನ್ನು ಹೇಳುತ್ತದೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಮಗು ಮಲಗಿದಾಗ ಓದಿ.

ನಾನು ಮಂಡ್ಯದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ, ವೈದ್ಯೆಯಲ್ಲ. ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುವಾಗ ಪ್ರಾಣಿಗಳ ನಡವಳಿಕೆಯ ಹುಚ್ಚು ಹಿಡಿದದ್ದು ಇವತ್ತಿಗೂ ಬಿಟ್ಟಿಲ್ಲ. ಆದರೆ ವಾಸನೆಯ ಮೊದಲ ಪಾಠ ಆದದ್ದು ಮಳವಳ್ಳಿ ತಾಲ್ಲೂಕಿನ ನಮ್ಮೂರಲ್ಲಿ, ತಾತನ ಕೊಟ್ಟಿಗೆಯಲ್ಲಿ. ತಾತ ಬಂಡೂರು ಕುರಿ ಸಾಕಿದ್ದರು. ಗಿಡ್ಡ ಕಾಲು, ತುಂಬಿಕೊಂಡ ಮೈ. ಹೊರಗಿನವರು ಬನ್ನೂರು ಕುರಿ ಅನ್ನುತ್ತಾರೆ. ಬಂಡೂರು ನಮ್ಮ ತಾಲ್ಲೂಕಿನದೇ ಊರು.

ಕುರಿ ಈದ ಮೇಲೆ ಮೊದಲ ಒಂದೆರಡು ಗಂಟೆ ತಾತ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ತಾಯಿ ಮರಿಯನ್ನು ನೆಕ್ಕಬೇಕು, ಅದರ ಮೈಗೆ ಮೆತ್ತಿದ ನೀರಿನ ವಾಸನೆ ತಾಯಿಯ ತಲೆಗೆ ಹೋಗಬೇಕು. ಆಮೇಲೆ ಮರಿ ಕೆಚ್ಚಲಿಗೆ ಬಾಯಿ ಹಾಕಿದಾಗಲೆಲ್ಲ ತಾಯಿ ಕುತ್ತಿಗೆ ತಿರುಗಿಸಿ ಅದರ ಬಾಲದ ಬುಡ ಮೂಸುತ್ತದೆ. ತನ್ನದಾದರೆ ಸುಮ್ಮನೆ ನಿಲ್ಲುತ್ತದೆ. ಬೇರೆಯದಾದರೆ ಗುಮ್ಮಿ ಆಚೆ ತಳ್ಳುತ್ತದೆ. ಒಂದು ರಾತ್ರಿ ಒಂದು ಕುರಿಗೆ ಸತ್ತ ಮರಿ ಹುಟ್ಟಿತು. ಅದೇ ರಾತ್ರಿ ಇನ್ನೊಂದು ಕುರಿ ಈದು ತಾನೇ ಸತ್ತು, ಅದರ ಮರಿ ತಬ್ಬಲಿಯಾಯಿತು. ತಾತ ಸತ್ತ ಮರಿಯ ಚರ್ಮ ಸುಲಿದು, ನಾಲ್ಕು ಕಾಲಿಗೂ ತೂತು ಬಿಟ್ಟು, ತಬ್ಬಲಿ ಮರಿಗೆ ಅಂಗಿಯ ಹಾಗೆ ತೊಡಿಸಿದರು. ನನಗಾಗ ಎಂಟು ವರ್ಷ. ನೋಡಲಾಗದೆ ಅಳುತ್ತಾ ಕಂಬ ಹಿಡಿದು ನಿಂತಿದ್ದೆ. ಮರಿ ಕಳೆದುಕೊಂಡ ಕುರಿ ಬಂದು ಮೂಸಿತು. ಇನ್ನೊಮ್ಮೆ ಮೂಸಿತು. ನಿಂತು ಹಾಲು ಕೊಟ್ಟಿತು. ಮೂರು ದಿನವಾದ ಮೇಲೆ ತಾತ ಚರ್ಮ ತೆಗೆದುಹಾಕಿದರು. ಅಷ್ಟು ಹೊತ್ತಿಗೆ ಅದರದೇ ಹಾಲು ಕುಡಿದು ಮರಿಯ ಮೈವಾಸನೆಯೇ ಬದಲಾಗಿರುತ್ತದೆ ಎಂದು ಅವರಿಗೆ ಗೊತ್ತಿತ್ತು.

“ಅದ್ಕೆ ಹಾಲು ಕೊಡೋ ಮನ್ಸು ಇದ್ದೇ ಅದೆ ಕಣ್ ಮಗ. ಯಾರ್ಗೆ ಅಂತ ಮೂಗು ಹೇಳ್ಬೇಕು, ಅಷ್ಟೇಯ” ಅಂದಿದ್ದರು ತಾತ.

ನಾನು ಈ ಉತ್ತರದಲ್ಲಿ ಹೇಳಬೇಕಾದ್ದೆಲ್ಲ ಆ ಒಂದು ಮಾತಿನಲ್ಲಿದೆ. ಅದು ನನಗೆ ಅರ್ಥವಾಗಲು ಮಾತ್ರ ಹದಿನೈದು ವರ್ಷ ಹಿಡಿಯಿತು.

ಇಂಗ್ಲೆಂಡಿನಲ್ಲಿ ಕೀತ್ ಕೆಂಡ್ರಿಕ್ ಮತ್ತು ಬ್ಯಾರಿ ಕೆವರ್ನ್ ಎಂಬ ವಿಜ್ಞಾನಿಗಳು ಕುರಿಗಳ ಮಿದುಳನ್ನೇ ಅಭ್ಯಾಸ ಮಾಡಿದವರು. ಈಯುವಾಗ ಗರ್ಭಕೋಶದ ಬಾಯಿ ಹಿಗ್ಗುತ್ತದೆ. ಆ ಸುದ್ದಿ ನರಗಳ ಮೂಲಕ ಮಿದುಳಿಗೆ ಮುಟ್ಟಿ, ಅಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಸುರಿಯುತ್ತದೆ. ಕೆಚ್ಚಲಿನಿಂದ ಹಾಲು ಇಳಿಸುವುದೂ ಇದೇ ಹಾರ್ಮೋನು. ಹಸು ಸೊರ ಬಿಟ್ಟಿತು ಅನ್ನುತ್ತೇವಲ್ಲ, ಅದು ಇದರ ಕೆಲಸ. ಮಿದುಳಿನೊಳಗೆ ಅದು ಮರಿಯ ಮೇಲಿನ ಆಸೆಯನ್ನು ಎಬ್ಬಿಸುತ್ತದೆ, ವಾಸನೆಯನ್ನು ಗ್ರಹಿಸುವ ಭಾಗವನ್ನು ಹದಗೊಳಿಸಿ ಹೊಸ ವಾಸನೆ ಅಚ್ಚೊತ್ತುವಂತೆ ಮಾಡುತ್ತದೆ. ಗರ್ಭ ಧರಿಸದ ಕುರಿಗೆ ಮೊದಲು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಕೊಟ್ಟು, ನಂತರ ಮಿದುಳಿಗೆ ಆಕ್ಸಿಟೋಸಿನ್ ಕೊಟ್ಟರೆ ನಿಮಿಷಗಳಲ್ಲೇ ಮರಿಯನ್ನು ನೆಕ್ಕಲು ಶುರುಮಾಡುತ್ತದೆ ಎಂದು ಅವರು 1987ರಲ್ಲಿ ತೋರಿಸಿದರು.

ವಾಸನೆಯೇ ತಿಳಿಯದ ಕುರಿ ಏನು ಮಾಡುತ್ತದೆ? ಇದನ್ನೂ ಪರೀಕ್ಷಿಸಿದ್ದಾರೆ. ಹಿಂದೆ ಈದು ಅನುಭವವಿರುವ ಕುರಿಯ ಮೂಗು ಕೆಲಸ ಮಾಡದಂತೆ ಮಾಡಿದರೆ, ಅದು ತನ್ನ ಮರಿಯನ್ನು ಬಿಡುವುದಿಲ್ಲ. ಬೇರೆ ಮರಿಗಳನ್ನು ಓಡಿಸುವುದನ್ನು ಬಿಡುತ್ತದೆ. ಇದನ್ನು ಓದಿದಾಗ ತಾತನ ಹಿಂಡಿನಲ್ಲಿದ್ದ ಒಂದು ಮುದಿ ಕುರಿ ನೆನಪಾಗಿ ನನಗೆ ಕಣ್ಣು ತುಂಬಿಬಂತು. ಸದಾ ಮೂಗು ಸುರಿಯುತ್ತಿದ್ದ ಕುರಿ. ಯಾವ ಮರಿ ಬಂದು ಬಾಯಿ ಹಾಕಿದರೂ ನಿಲ್ಲುತ್ತಿತ್ತು. ಎಷ್ಟು ಸಾಧು ಕುರಿ ಎಂದುಕೊಂಡಿದ್ದೆವು.

ಹಾಗಾದರೆ ವಾಸನೆಯೇ ಪ್ರಾಣಿಯನ್ನು ಕುಣಿಸುತ್ತದೆ ಎಂಬ ಕಥೆ ಎಲ್ಲಿಂದ ಹುಟ್ಟಿತು? ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತಿರುವ ಜೀವಿಯಿಂದಲೇ. ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿ ನೋಡಿದವರಿಗೆ ಗೊತ್ತು, ಗೂಡಿನಿಂದ ಹೊರಬಂದ ಗಂಡು ರೇಷ್ಮೆ ಚಿಟ್ಟೆಗಳ ತಟ್ಟೆಯ ಹತ್ತಿರ ಹೆಣ್ಣು ಚಿಟ್ಟೆಯ ತಟ್ಟೆ ತಂದರೆ ಸಾಕು, ಗಂಡುಗಳೆಲ್ಲ ಒಟ್ಟಿಗೆ ರೆಕ್ಕೆ ಪಟಪಟಿಸುತ್ತಾ ಸುತ್ತತೊಡಗುತ್ತವೆ. ಹೆಣ್ಣಿನ ಹೊಟ್ಟೆಯ ತುದಿಯಿಂದ ಹೊರಡುವ ಆ ವಸ್ತು ಯಾವುದೆಂದು ಹುಡುಕಲು ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಸುಮಾರು 20 ವರ್ಷ ದುಡಿದರು, ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳನ್ನು ಬಳಸಿದರು. 1959ರಲ್ಲಿ ಅದರ ರಚನೆ ಸಿಕ್ಕಿತು, ಬಾಂಬಿಕಾಲ್ ಎಂದು ಹೆಸರಿಟ್ಟರು. ಅದೇ ವರ್ಷ ಪೀಟರ್ ಕಾರ್ಲ್ಸನ್ ಮತ್ತು ಮಾರ್ಟಿನ್ ಲೂಷರ್ ಇಂಥ ವಸ್ತುಗಳಿಗೆಲ್ಲ ಫೆರೊಮೋನ್ ಎಂಬ ಪದ ಕೊಟ್ಟರು. ಒಂದು ಪ್ರಾಣಿಯ ಮೈಯಿಂದ ಹೊರಟು ಅದೇ ಜಾತಿಯ ಇನ್ನೊಂದರ ನಡವಳಿಕೆಯನ್ನೋ ಹಾರ್ಮೋನನ್ನೋ ಬದಲಿಸುವ ವಸ್ತು. ರೇಷ್ಮೆ ಚಿಟ್ಟೆಯಲ್ಲಿ ಲೆಕ್ಕ ಸರಳ, ವಾಸನೆ ಬಂತು, ರೆಕ್ಕೆ ಬಡಿಯಿತು. ಜನ ಆ ಸರಳ ಲೆಕ್ಕವನ್ನೇ ಎತ್ತಿಕೊಂಡು ಇಲಿಗೆ ಹಾಕಿದರು, ಮನುಷ್ಯರಿಗೂ ಹಾಕಿದರು. ಫೆರೊಮೋನ್ ಸೆಂಟು ಮಾರುವವರ ಬಂಡವಾಳವೂ ಅದೇ. ಮನುಷ್ಯರಲ್ಲಿ ಫೆರೊಮೋನ್ ಎಂದು ಖಚಿತವಾಗಿ ಸಾಬೀತಾದ ಒಂದೇ ಒಂದು ವಸ್ತು ಇವತ್ತಿನವರೆಗೂ ಇಲ್ಲ.

ಈಗ ನಿಮ್ಮ ನಿದ್ದೆ ಕೆಡಿಸಿದ ಇಲಿಗೆ ಬರೋಣ. ಕ್ಯಾಥರೀನ್ ಡ್ಯುಲಾಕ್ ಎಂಬ ನರವಿಜ್ಞಾನಿ ಫ್ರಾನ್ಸಿನವರು, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದಾರೆ. ನೀವು ಓದಿದ್ದು ಬಹುಶಃ ಇವರ ಕೆಲಸವನ್ನೇ. ಮೂಗಿನಲ್ಲಿ ವಾಸನೆಯನ್ನು ಹಿಡಿಯುವ ಗ್ರಾಹಕಗಳನ್ನು ಕಂಡುಹಿಡಿದು 2004ರಲ್ಲಿ ನೊಬೆಲ್ ಪಡೆದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರ ಹೆಸರು ಕೇಳಿರಬಹುದು. ಆ ಆಕ್ಸೆಲ್ ಅವರ ಪ್ರಯೋಗಾಲಯದಲ್ಲಿದ್ದಾಗ, 1995ರಲ್ಲಿ, ಡ್ಯುಲಾಕ್ ಇಲಿಯ ಮೂಗಿನೊಳಗಿರುವ ಎರಡನೆಯ ಒಂದು ಅಂಗದ ಗ್ರಾಹಕಗಳನ್ನು ಪತ್ತೆಹಚ್ಚಿದರು. ಅದಕ್ಕೆ ವೊಮೆರೊನೇಸಲ್ ಅಂಗ ಎನ್ನುತ್ತಾರೆ. ಸಾಮಾನ್ಯ ವಾಸನೆಗೆ ಒಂದು ದಾರಿ, ತನ್ನ ಜಾತಿಯ ಪ್ರಾಣಿಗಳು ಬಿಡುವ ಸಂಕೇತಗಳಿಗೆ ಮುಖ್ಯವಾಗಿ ಈ ಇನ್ನೊಂದು ದಾರಿ. ಈ ಅಂಗದ ಕೆಲಸಕ್ಕೆ ಬೇಕಾದ ಟಿಆರ್‌ಪಿಸಿ2 ಎಂಬ ಜೀನನ್ನು ಅವರ ತಂಡ ತೆಗೆದುಹಾಕಿ ನೋಡಿತು. 2002ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಆ ಗಂಡುಗಳು ಹೊಸ ಗಂಡಿನೊಂದಿಗೆ ಜಗಳಕ್ಕೆ ಬೀಳಲಿಲ್ಲ, ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲದರ ಮೇಲೂ ಏರಹೋದವು. ಕೂಡುವ ಆಸೆ ಹಾಗೇ ಇತ್ತು. ಯಾರ ಜೊತೆ ಎಂದು ಹೇಳುವ ಮೂಗು ಇರಲಿಲ್ಲ. ತಾತನ ಮಾತು ಇಲ್ಲೂ ನಿಲ್ಲುತ್ತದೆ.

ನಿಮಗೆ ಬೇಕಾದದ್ದು ಮುಂದಿನದು. ಇನ್ನೂ ಹೆಣ್ಣಿನ ಜೊತೆ ಕೂಡದ ಗಂಡು ಚಿಟ್ಟಿಲಿ, ಅಂದರೆ ಪುಟ್ಟ ಇಲಿ, ಮರಿಗಳನ್ನು ಕಂಡರೆ ಕಚ್ಚಿ ಕೊಲ್ಲುತ್ತದೆ. ಅದೇ ಗಂಡು ಒಂದು ಹೆಣ್ಣಿನ ಜೊತೆ ಕೂಡಿ ಸುಮಾರು ಮೂರು ವಾರ ಕಳೆದರೆ, ಅಂದರೆ ಅದರ ಮರಿಗಳು ಹುಟ್ಟುವ ಹೊತ್ತಿಗೆ ಸರಿಯಾಗಿ, ಮರಿಗಳನ್ನು ಗೂಡಿಗೆ ಎತ್ತಿ ತರುತ್ತದೆ, ನೆಕ್ಕುತ್ತದೆ, ಮೈಗೆ ಒತ್ತಿಕೊಂಡು ಬೆಚ್ಚಗಿಡುತ್ತದೆ. ಈಗ ಹೇಳಿ, ವೊಮೆರೊನೇಸಲ್ ಅಂಗ ಕೆಲಸ ಮಾಡದ, ಹೆಣ್ಣನ್ನೇ ಕಾಣದ ಗಂಡಿನ ಮುಂದೆ ಮರಿ ಇಟ್ಟರೆ ಏನಾಗಬೇಕು? ನಿಮ್ಮ ಭಯದ ಪ್ರಕಾರ ಅದು ಮರಿಯ ಕಡೆ ತಿರುಗಿಯೂ ನೋಡಬಾರದು. ಆದದ್ದು ಬೇರೆ. ಅದು ಕಚ್ಚುವುದನ್ನು ಬಿಟ್ಟು ಮರಿಯನ್ನು ಸಾಕಲು ಹೊರಟಿತು. ಅಪ್ಪನಾಗುವ ಗುಣ ಅದರ ಮಿದುಳಿನಲ್ಲಿ ಮೊದಲಿನಿಂದಲೂ ಇತ್ತು, ವಾಸನೆಯ ಸಂಕೇತವೊಂದು ಅದನ್ನು ಅದುಮಿಟ್ಟಿತ್ತು. ಈ ವಿಷಯ ಇರುವ 2014ರ ಅದೇ ಪ್ರಬಂಧದಲ್ಲಿ ಡ್ಯುಲಾಕ್ ತಂಡ ಮಿದುಳಿನ ಹೈಪೊಥಲಾಮಸ್ ಭಾಗದಲ್ಲಿ, ಗ್ಯಾಲನಿನ್ ಎಂಬ ವಸ್ತುವನ್ನು ತಯಾರಿಸುವ ನರಕೋಶಗಳ ಒಂದು ಗುಂಪನ್ನು ಗುರುತಿಸಿತು. ಬೆಳಕು ಹಾಯಿಸಿ ಆ ಕೋಶಗಳನ್ನು ಚುರುಕುಗೊಳಿಸಿದರೆ ಕಚ್ಚಲು ಬಂದ ಗಂಡು ನಿಂತು ಮರಿಯನ್ನು ನೆಕ್ಕುತ್ತದೆ. ಆ ಕೋಶಗಳನ್ನು ನಾಶಮಾಡಿದರೆ ತಾಯಿಯೂ ಮರಿಗಳ ಆರೈಕೆ ಮರೆಯುತ್ತದೆ. ಗಂಡು ಹೆಣ್ಣು ಎರಡರಲ್ಲೂ ಇರುವ ಕೋಶಗಳು ಅವು. ಈ ಕೆಲಸಕ್ಕೆ ಡ್ಯುಲಾಕ್ ಅವರಿಗೆ 2021ರ ಬ್ರೇಕ್‌ಥ್ರೂ ಎಂಬ ವಿಜ್ಞಾನ ಪ್ರಶಸ್ತಿ ಬಂತು. ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಇದನ್ನು ಹೇಳುವಾಗಲೂ ನನಗೆ ಮೊದಲ ಸಲ ಹೇಳಿದಷ್ಟೇ ಖುಷಿಯಾಗುತ್ತದೆ.

ಒಂದು ತೊಡಕನ್ನು ಮುಚ್ಚಿಡಬಾರದು. ನಮ್ಮ ಪತ್ರಿಕೆಗಳು ಮೌಸ್ ಎಂದರೂ ಇಲಿ, ರ‍್ಯಾಟ್ ಎಂದರೂ ಇಲಿ ಎಂದೇ ಬರೆಯುತ್ತವೆ. ಮೌಸ್ ಎಂದರೆ ಚಿಟ್ಟಿಲಿ, ಜೀನು ತೆಗೆದ, ಮರಿ ಸಾಕಿದ ಆ ಪ್ರಯೋಗಗಳೆಲ್ಲ ಅದರ ಕಥೆ. ತಾಯಿ ಚಿಟ್ಟಿಲಿಯ ಸಾಮಾನ್ಯ ವಾಸನೆಯ ದಾರಿಯನ್ನೇ ಕೆಡಿಸಿದರೆ ಅದರ ತಾಯ್ತನ ನಿಜಕ್ಕೂ ಕುಂದುತ್ತದೆ. ನೀವು ಓದಿ ಹೆದರಿದ ಸಾಲು ಇದೇ ಇರಬೇಕು. ರ‍್ಯಾಟ್ ಎನ್ನುವ ದೊಡ್ಡ ಇಲಿಯಲ್ಲಿ ಮಾತ್ರ ಹಾಗಾಗುವುದಿಲ್ಲ. ಮರಿ ಹಾಕದ ಹೆಣ್ಣಿಲಿಗೆ ಮೊದಮೊದಲು ಮರಿಗಳ ವಾಸನೆಯೇ ಹೇಸಿಗೆ, ದೂರ ಸರಿಯುತ್ತದೆ. ವಾಸನೆ ತಿಳಿಯದಂತೆ ಮಾಡಿದರೆ ಇನ್ನೂ ಬೇಗ ಮರಿಗಳಿಗೆ ಒಗ್ಗಿಕೊಳ್ಳುತ್ತದೆ ಎಂದು ಅಲಿಸನ್ ಫ್ಲೆಮಿಂಗ್ ಮತ್ತು ಜೇ ರೋಸೆನ್‌ಬ್ಲಾಟ್ 1974ರಲ್ಲೇ ತೋರಿಸಿದ್ದರು. ರೋಸೆನ್‌ಬ್ಲಾಟ್ ಅವರದೇ 1967ರ ಪ್ರಯೋಗ ಇನ್ನೂ ದೊಡ್ಡದು. ಹಡೆಯದ ಹೆಣ್ಣು, ಗಂಡು, ಬೀಜ ತೆಗೆದ ಗಂಡು, ಯಾವುದೇ ಇರಲಿ, ಮರಿಗಳ ಜೊತೆ ಸುಮ್ಮನೆ ಬಿಟ್ಟರೆ ಸುಮಾರು ಒಂದು ವಾರದಲ್ಲಿ ಮರಿಗಳನ್ನು ಎತ್ತಿ ಸಾಕತೊಡಗುತ್ತವೆ. ಹೆರಿಗೆಯ ಹಾರ್ಮೋನಿಲ್ಲದೆ, ಬರೀ ಜೊತೆಯಲ್ಲಿದ್ದುದರಿಂದ. ನೀವು ಒಂದು ಪ್ರಯೋಗವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಇನ್ನು ಮನುಷ್ಯರು. ಚಿಟ್ಟಿಲಿಯಲ್ಲಿ ಪ್ರಯೋಗಕ್ಕೆಂದು ಕೆಡಿಸಿದ ಆ ಟಿಆರ್‌ಪಿಸಿ2 ಜೀನು ನಮ್ಮೆಲ್ಲರಲ್ಲೂ ಕೆಟ್ಟೇ ಇದೆ. ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜ ವಾನರಗಳಲ್ಲೇ ಅದು ನಿಷ್ಕ್ರಿಯವಾಯಿತು. ಆದ್ದರಿಂದ ಆ ದಾರಿ ನಿಮಗೆ ಕೋವಿಡ್‌ನಿಂದ ಮುಚ್ಚಿದ್ದಲ್ಲ, ನಿಮ್ಮ ಹೆಂಡತಿಗೂ ಅದು ಇಲ್ಲ, ನನಗೂ ಇಲ್ಲ. ಉಳಿದದ್ದು ಸಾಮಾನ್ಯ ವಾಸನೆ. ಅದಕ್ಕೆ ಬೆಲೆಯಿಲ್ಲ ಎನ್ನಲಾರೆ. 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ 30 ಹೆಂಗಸರಿಗೆ ಯಾರದೋ ಹಸುಗೂಸುಗಳ ಮೈವಾಸನೆ ಕೊಟ್ಟು ಮಿದುಳಿನ ಸ್ಕ್ಯಾನ್ ಮಾಡಿದರು. ಅವರಲ್ಲಿ 15 ಮಂದಿ ಆಗಷ್ಟೇ ಹೆತ್ತವರು. ಹಿತವೆನಿಸಿದಾಗ ಎಚ್ಚರಗೊಳ್ಳುವ ಭಾಗ ಆ ತಾಯಂದಿರಲ್ಲಿ ಹೆಚ್ಚು ಎಚ್ಚರಗೊಂಡಿತು. ಹಾಗಾಗಿ ನಿಮ್ಮ ಮನೆಯವರ ‘ಆಹಾ’ ಸುಳ್ಳಲ್ಲ, ನೀವು ಕಳೆದುಕೊಂಡದ್ದು ನಿಜವಾದ ಒಂದು ಸಂತೋಷವನ್ನೇ. ಅದಕ್ಕೆ ದುಃಖಪಡುವುದರಲ್ಲಿ ತಪ್ಪಿಲ್ಲ. ಆದರೂ ಒಂದು ಮಾತು. ನಮ್ಮ ಕಡೆ ಮಗುವಿನ ವಾಸನೆ ಎಂದರೆ ಅರ್ಧ ಹರಳೆಣ್ಣೆ, ಕಡಲೆಹಿಟ್ಟು, ಬಜೆ, ಸಾಂಬ್ರಾಣಿ. (ಸಾಂಬ್ರಾಣಿ ಹೊಗೆ ಎಳೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಅತ್ತೆಯವರಿಗೆ ಮೆಲ್ಲಗೆ ಹೇಳಿನೋಡಿ.)

ಅಪ್ಪಂದಿರ ಹಾರ್ಮೋನಿನ ವಿಷಯಕ್ಕೆ ಬಂದರೆ, ಫಿಲಿಪ್ಪೀನ್ಸಿನ ಸೆಬುವಿನಲ್ಲಿ 624 ಯುವಕರನ್ನು ನಾಲ್ಕೂವರೆ ವರ್ಷ ಹಿಂಬಾಲಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಆ ಅವಧಿಯಲ್ಲಿ ಅಪ್ಪಂದಿರಾದವರಲ್ಲಿ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ಚೆನ್ನಾಗಿ ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಮಗುವನ್ನು ನೋಡಿಕೊಳ್ಳುತ್ತಿದ್ದವರಲ್ಲಿ, ಮಗುವನ್ನು ಮುಟ್ಟದವರಿಗಿಂತ ಕಡಿಮೆ ಇತ್ತು. ಇಸ್ರೇಲಿನಲ್ಲಿ ರೂತ್ ಫೆಲ್ಡ್‌ಮನ್ ತಂಡ 2014ರಲ್ಲಿ, ತಾಯಿಯಿಲ್ಲದ ಮನೆಗಳಲ್ಲಿ ಮಗುವನ್ನು ತಾವೇ ಸಾಕುವ ಅಪ್ಪಂದಿರ ಮಿದುಳು ನೋಡಿತು. ಭಾವನೆಗೆ ಸಂಬಂಧಿಸಿದ ಅಮಿಗ್ಡಲಾ ಭಾಗ ಅವರಲ್ಲಿ ತಾಯಂದಿರಲ್ಲಿದ್ದ ಹಾಗೆಯೇ ಸ್ಪಂದಿಸುತ್ತಿತ್ತು. ಹಾರ್ಮೋನು ಮೊದಲು, ಆರೈಕೆ ಆಮೇಲೆ ಎಂದು ನೀವು ಅಂದುಕೊಂಡಿದ್ದೀರಿ. ಎತ್ತಿಕೊಂಡ ಕೈಯಿಂದಲೂ ಹಾರ್ಮೋನು ಬದಲಾಗುತ್ತದೆ.

ನಿಮ್ಮ ಮೂಗು ಅವಳನ್ನು ಗುರುತಿಸದಿದ್ದರೂ ಅವಳ ಮೂಗು ಚುರುಕಾಗಿದೆ. ಹುಟ್ಟಿದ ಕೂಡಲೇ 30 ಮಕ್ಕಳನ್ನು ಅಮ್ಮನ ಎದೆಯ ಮೇಲೆ ಮಲಗಿಸಿ, ಒಂದು ಮೊಲೆಯನ್ನು ತೊಳೆದು ಇನ್ನೊಂದನ್ನು ಹಾಗೇ ಬಿಟ್ಟಾಗ 22 ಮಕ್ಕಳು ತೊಳೆಯದ ಕಡೆಗೇ ಹೋದವಂತೆ. ಅದು 1994ರ ಅಧ್ಯಯನ. ಎರಡು ವಾರದ, ಎದೆಹಾಲು ಕುಡಿಯುವ ಮಕ್ಕಳು ಅಮ್ಮನ ಕಂಕುಳ ವಾಸನೆಯನ್ನು ಗುರುತಿಸುತ್ತವೆ, ಅಪ್ಪನದನ್ನು ಗುರುತಿಸುವುದಿಲ್ಲ ಎಂದೂ 1985ರಲ್ಲಿ ಕಂಡುಬಂದಿದೆ. ಅಪ್ಪನ ಬರಿಮೈ ಮಗುವಿಗೆ ಸಿಗದಿರುವುದೇ ಕಾರಣವಿರಬೇಕು ಎಂಬುದು ಆ ಸಂಶೋಧಕರ ಊಹೆ. ಅದಕ್ಕೇ ನಿಮಗೊಂದು ಕೆಲಸ ಹೇಳುತ್ತೇನೆ. ಅಂಗಿ ಬಿಚ್ಚಿ ಮಗಳನ್ನು ಬರಿ ಎದೆಯ ಮೇಲೆ ಮಲಗಿಸಿಕೊಳ್ಳಿ, ಮೇಲೊಂದು ಪಂಚೆ ಹೊದಿಸಿ, ದಿನಾ ಒಂದು ಗಂಟೆ. ಸೆಂಟು, ಪೌಡರ್ ಬೇಡ. ಎಚ್ಚರವಿರುವಾಗ ಮಾತ್ರ, ನೀವು ತೂಕಡಿಸುವ ಹಾಗಿದ್ದರೆ ಅವಳನ್ನು ಹಾಸಿಗೆಗೆ ಬಿಡಿ.

ಮೂಗಿನ ಬಗ್ಗೆ. ಕೋವಿಡ್ ವೈರಸ್ ಹೆಚ್ಚಾಗಿ ಹೊಕ್ಕದ್ದು ವಾಸನೆಯ ನರಕೋಶಗಳೊಳಗಲ್ಲ, ಅವುಗಳಿಗೆ ಆಸರೆಯಾಗಿ ಸುತ್ತ ನಿಂತಿರುವ ಕೋಶಗಳೊಳಗೆ. ವಾಸನೆಯ ನರಕೋಶಗಳು ಬದುಕಿನುದ್ದಕ್ಕೂ ಸತ್ತು ಹೊಸದಾಗಿ ಹುಟ್ಟುತ್ತಿರುತ್ತವೆ. ಅದಕ್ಕೇ ಆಸೆ ಇಟ್ಟುಕೊಳ್ಳಬಹುದು. ಜರ್ಮನಿಯ ಥಾಮಸ್ ಹುಮೆಲ್ ತಂಡ 2009ರಲ್ಲಿ ಒಂದು ಅಭ್ಯಾಸ ಹೇಳಿಕೊಟ್ಟಿತು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕರ ಎಣ್ಣೆಯನ್ನು ಬೆಳಿಗ್ಗೆ ಸಂಜೆ ಒಂದೊಂದಾಗಿ ಮೂಸುವುದು, ಮೂಸುವಾಗ ಆ ವಾಸನೆ ಹೇಗಿತ್ತೆಂದು ನೆನಪಿಸಿಕೊಳ್ಳುವುದು, ಕನಿಷ್ಠ 12 ವಾರ. ನಾಲ್ಕೂ ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲೇ ಸಿಗುತ್ತವೆ. ವರ್ಷಗಳೇ ಕಳೆದಿರುವುದರಿಂದ ಫಲ ನಿಧಾನ, ಪೂರ್ತಿ ಬರದೆಯೂ ಇರಬಹುದು. ಮೊದಲು ಒಬ್ಬ ಇಎನ್‌ಟಿ ವೈದ್ಯರಿಗೆ ಮೂಗು ತೋರಿಸಿ, ಬೇರೆ ಅಡಚಣೆ ಇದ್ದರೆ ಗೊತ್ತಾಗಲಿ. ಮಗುವನ್ನು ಕಂಡರೆ ಮಾತ್ರವಲ್ಲ, ಊಟ, ಕೆಲಸ, ಸ್ನೇಹಿತರು, ಎಲ್ಲದರಲ್ಲೂ ರುಚಿ ಹೋಗಿದ್ದರೆ ಅದು ಖಿನ್ನತೆ ಇರಬಹುದು. ಅಪ್ಪಂದಿರಿಗೂ ಅದು ಬರುತ್ತದೆ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಹೆಂಡತಿಗೆ ಹೇಳಲಾ ಎಂದಿರಿ. ಇವತ್ತೇ ಹೇಳಿ. ಮನಸ್ಸು ಹಗುರಾಗುವುದು ಒಂದು ಕಡೆ ಇರಲಿ, ಬಾಣಂತನ ಮುಗಿದ ಮೇಲೆ ನೀವು ಮಗಳ ಜೊತೆ ಒಬ್ಬರೇ ಇರುವ ಹೊತ್ತು ಬರುತ್ತದೆ. ಗ್ಯಾಸ್ ಸೋರಿದರೆ ತಿಳಿಯಲಿ ಎಂದೇ ಅದಕ್ಕೆ ಕೆಟ್ಟ ವಾಸನೆಯ ವಸ್ತು ಬೆರೆಸಿರುತ್ತಾರೆ, ನಿಮಗೆ ಅದು ತಿಳಿಯುವುದಿಲ್ಲ. ಹಾಲು ಹಳಸಿದ್ದು, ಪ್ಲಗ್ಗು ಸುಟ್ಟದ್ದು ತಿಳಿಯುವುದಿಲ್ಲ. ಗ್ಯಾಸ್ ಸೋರಿಕೆ ಹಿಡಿಯುವ ಅಲಾರಂ ಸಿಗುತ್ತದೆ, ಒಂದು ತಂದು ಅಡುಗೆಮನೆಯಲ್ಲಿ ನೆಲದ ಹತ್ತಿರ ಹಾಕಿಸಿ, ಅಡುಗೆ ಅನಿಲ ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ. ಅಲಾರಂ ಯಾಕೆ ತಂದಿರಿ ಎಂದು ಅವರು ಕೇಳುತ್ತಾರೆ. ಅಲ್ಲಿಂದಲೇ ಮಾತು ಶುರುಮಾಡಿ.